ಲೈನ್ ಮನೆ ಬಿಟ್ಟವರಿಗೆ ನಿವೇಶನ ಯಾಕೆ ಸಿಗುತ್ತಿಲ್ಲ?

ಚಿಕ್ಕಮಗಳೂರಿನ ನಮ್ಮ ಬೀದಿಯ ಕೊನೆಯಲ್ಲಿ ಶೀಟು ಹೊದಿಸಿದ ಒಂದು ಕೋಣೆ ಇದೆ. ಅಲ್ಲಿ ಬಾಡಿಗೆಗಿರುವ ಅಜ್ಜಿ ಮೂವತ್ತೈದು ವರ್ಷ ಒಂದೇ ಕಾಫಿ ತೋಟದಲ್ಲಿ ಕಾಯಂ ಆಳಾಗಿದ್ದವರು. ಮದುವೆಯಾಗಿ ಬಂದದ್ದು ಆ ತೋಟದ ಲೈನ್ ಮನೆಗೆ, ಅಂದರೆ ಆಳುಗಳಿಗೆಂದು ಕಟ್ಟಿದ ಸಾಲು ಮನೆಗೆ. ಮಕ್ಕಳು ಹುಟ್ಟಿದ್ದೂ ಅಲ್ಲೇ. ಕೆಲಸ ಮುಗಿದಾಗ ಮನೆಯೂ ಹೋಯಿತು. ತಿಂಗಳಿಗೆ ಬರುವ 1,200 ರೂಪಾಯಿ ಪಿಂಚಣಿ ಬಾಡಿಗೆಗೇ ಸಾಲುವುದಿಲ್ಲ.

ನಿವೇಶನ ಕೊಡಿ ಎಂದು ತಾಲ್ಲೂಕು ಕಚೇರಿ ಮುಂದೆ ಕೂರುವವರಲ್ಲಿ ಇಂಥವರು ಜಾಸ್ತಿ. ಸುದ್ದಿ ಓದಿದರೆ 94ಸಿ, ಡೀಮ್ಡ್ ಫಾರೆಸ್ಟ್, ಆಶ್ರಯ, ಗುತ್ತಿಗೆ ಅಂತ ದಿನಕ್ಕೊಂದು ಹೆಸರು, ತಲೆಬುಡ ಗೊತ್ತಾಗುವುದಿಲ್ಲ. ಹಿಂದಿನಿಂದ ನೋಡಿಕೊಂಡು ಬಂದರೆ ಸ್ವಲ್ಪ ಬಿಡಿಸುತ್ತದೆ.

ಬಾಬಾ ಬುಡನ್ ತಂದ ಬೀಜ, ಇಂಗ್ಲಿಷ್ ದೊರೆಗಳ ತೋಟ, ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ತಮಿಳು ನಾಡಿನಿಂದಲೂ ಬಂದ ಆಳುಗಳು, ಅವರಿಗೆ ಸಾಲಾಗಿ ಕಟ್ಟಿದ ಕೋಣೆಗಳು. ಅದೇ ಲೈನ್. ತೋಟದಲ್ಲೇ ಇರುವ ಕೆಲಸಗಾರರಿಗೆ ಮನೆ ಕೊಡುವುದು ಮಾಲೀಕರ ಹೊಣೆ ಎಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಇರುವ ತನಕ ಮಾತ್ರ ಮನೆ.

ಆಮೇಲೆ ಬಂದದ್ದು 1974ರ ಭೂ ಸುಧಾರಣೆ. ಉಳುವವನೇ ಹೊಲದೊಡೆಯ ಎಂಬ ಮಾತು ಎಲ್ಲರಿಗೂ ನೆನಪಿದೆ. ಅದೇ ಕಾನೂನಿನ 38ನೇ ಕಲಂ ಅಷ್ಟು ನೆನಪಿಲ್ಲ. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕೂಲಿಗೆ ಆ ಮನೆಯ ಹಕ್ಕು ಕೊಡುವ ಕಲಂ ಅದು. ಇನ್ನು 104ನೇ ಕಲಂ ನೋಡಿ. ಪ್ಲಾಂಟೇಶನ್‌ಗಳಿಗೆ ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದು ಎಂಬ ಭೂಮಿತಿಯೂ ಅನ್ವಯಿಸುವುದಿಲ್ಲ, ಈ 38ನೇ ಕಲಮೂ ಅನ್ವಯಿಸುವುದಿಲ್ಲ. ಕಡೂರಿನ ಹೊಲದ ಕೂಲಿ ಕೇಳಬಹುದಾಗಿದ್ದ ಹಕ್ಕನ್ನು ಆಲ್ದೂರಿನ ಲೈನಿನವರು ಕೇಳುವ ಹಾಗೇ ಇರಲಿಲ್ಲ. ಒಂದೇ ಜಿಲ್ಲೆ, ಅಲ್ವಾ?

ಆದರೂ ಮುಂದಿನ ಇಪ್ಪತ್ತು ವರ್ಷ ಬೀದಿಗೆ ಬಿದ್ದವರು ಕಡಿಮೆ. ಯಾಕೆಂದರೆ ತೋಟಗಳಲ್ಲಿ ಒಂದು ರೂಢಿ ಇತ್ತು. ಅಪ್ಪನಿಗೆ ವಯಸ್ಸಾದರೆ ಮಗನ ಹೆಸರು, ಅತ್ತೆಗೆ ವಯಸ್ಸಾದರೆ ಸೊಸೆಯ ಹೆಸರು ಹಾಜರಿಗೆ ಸೇರುತ್ತಿತ್ತು. ಮುದುಕರು ಅದೇ ಕೋಣೆಯ ಮೂಲೆಯಲ್ಲಿ ಉಳಿಯುತ್ತಿದ್ದರು.

ಆ ರೂಢಿ ತಪ್ಪಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು, ಎಲ್ಲರದನ್ನೂ ಒಟ್ಟು ಮಾಡಿ ಬೋರ್ಡೇ ಮಾರುತ್ತಿತ್ತು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಎರಡು ಮೂರು ವರ್ಷ ಒಳ್ಳೆಯ ರೇಟು ಬಂತು. ಅಷ್ಟರಲ್ಲಿ ವಿಯೆಟ್ನಾಂ, ಬ್ರೆಜಿಲ್‌ಗಳ ಕಾಫಿ ಜಗತ್ತಿನ ಮಾರುಕಟ್ಟೆಯನ್ನು ತುಂಬಿತು. 2001-02ರಲ್ಲಿ ರೇಟು ನೆಲ ಕಚ್ಚಿತು. ಅರೇಬಿಕಾ ಗಿಡಗಳಿಗೆ ಕಾಂಡಕೊರಕದ ಕಾಟ ಬೇರೆ. ತೋಟದವರೂ ಸಾಲದಲ್ಲಿ ಮುಳುಗಿದರು, ಅದು ಸುಳ್ಳಲ್ಲ. ಆದರೆ ಖರ್ಚು ಇಳಿಸಲು ಮೊದಲು ಕೈ ಬಿದ್ದದ್ದು ಹಾಜರಿ ಪುಸ್ತಕದ ಮೇಲೆ. ಕಾಯಂ ಆಳು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬ ಕಾಯಂ ಆಳು ಬರಲಿಲ್ಲ. ಕೊಯ್ಲಿನ ಸಮಯಕ್ಕೆ ಕಂತ್ರಾಟಿನ ಜನ ಬಂದರು, ಆಮೇಲೆ ಅಸ್ಸಾಮಿನ ಕಡೆಯವರು ಬಂದರು. ಅವರಿಗೂ ಅದೇ ಲೈನು, ಕಾಯಂ ಮಾತ್ರ ಇಲ್ಲ.

ಅಜ್ಜಿಯ ಸರದಿ ಬಂದದ್ದೂ ಆಗಲೇ. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ, ಹಾಜರಿಗೆ ಸೇರಿಸಲು ಯಾರೂ ಇರಲಿಲ್ಲ. ಲೈನ್ ಖಾಲಿ ಮಾಡಿ ಬೀಗದ ಕೈ ಕೊಟ್ಟ ಮೇಲೆಯೇ ಗ್ರಾಚ್ಯುಟಿ ಚೆಕ್ಕು ಕೈಗೆ ಬಂತು. ಮಗಳ ಮದುವೆಯ ಸಾಲಕ್ಕೆ ಅದು ಸರಿಹೋಯಿತು. ರೇಷನ್ ಕಾರ್ಡಿನಲ್ಲಿ ಮಾತ್ರ ತುಂಬಾ ವರ್ಷ ತೋಟದ ವಿಳಾಸವೇ ಇತ್ತು.

ಇಂಥವರು ಲೆಕ್ಕಕ್ಕೂ ಸಿಗುವುದಿಲ್ಲ. ಜನಗಣತಿಯಲ್ಲಿ ಮನೆಯಿಲ್ಲದವರು ಎಂದರೆ ಫುಟ್‌ಪಾತು, ಸೇತುವೆ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಮಲಗುವವರು. 2011ರಲ್ಲಿ ದೇಶದಲ್ಲಿ ಅವರು ಸುಮಾರು 17.7 ಲಕ್ಷ. ತಲೆ ಮೇಲೆ ಶೀಟು ಇದ್ದರೂ ಆ ಪಟ್ಟಿಯಿಂದ ಹೊರಗೆ. ನಗರಗಳ ವಸತಿ ಕೊರತೆ ಅಂದಾಜು ಮಾಡಿದ ಕೇಂದ್ರದ ತಾಂತ್ರಿಕ ಸಮಿತಿ 2012ರಲ್ಲಿ 1.88 ಕೋಟಿ ಮನೆ ಬೇಕು ಎಂದಿತು. ಅದರಲ್ಲಿ ಪೂರ್ತಿ ಮನೆಯಿಲ್ಲದ ಕುಟುಂಬಗಳು ಬರೀ 5.3 ಲಕ್ಷ. ಉಳಿದವರಲ್ಲಿ ಹೆಚ್ಚಿನವರು ಇಕ್ಕಟ್ಟಿನಲ್ಲಿ ಬದುಕುತ್ತಿರುವವರು.

ಯೋಜನೆಗಳು ಇಲ್ಲವೆಂದಲ್ಲ. ಆದರೆ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್‌ನಲ್ಲಿ ಮನೆ ನೀವೇ ಕಟ್ಟಿಕೊಳ್ಳಲು ಸಹಾಯಧನ ಬೇಕಿದ್ದರೆ ಜಾಗದ ಪತ್ರ ನಿಮ್ಮದಿರಬೇಕು. ಭೂ ಕಂದಾಯ ಕಾಯ್ದೆಯ 94ಸಿ, 94ಸಿಸಿ ಕಲಂಗಳು ಇರುವುದು ಸರ್ಕಾರಿ ಜಾಗದಲ್ಲಿ ಆಗಲೇ ಮನೆ ಕಟ್ಟಿಕೊಂಡವರಿಗೆ. ಲೈನಿನಿಂದ ಬರಿಗೈಯಲ್ಲಿ ಬಂದವರ ಬಳಿ ಇವೆರಡೂ ಇಲ್ಲ. ಪಂಚಾಯಿತಿಯವರು ನಿವೇಶನಕ್ಕೆಂದು ಗೋಮಾಳ ಗುರುತಿಸಿದರೆ ಅದು ಅರಣ್ಯ ಎಂಬ ತಕರಾರು ಬರುತ್ತದೆ. ದಾಖಲೆಯಲ್ಲಿ ಇರಲಿ ಬಿಡಲಿ, ಕಾಡಿನಂತಿದ್ದರೆ ಅದು ಕಾಡು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ ಮೇಲೆ ಮಲೆನಾಡಿನಲ್ಲಿ ಈ ಗೋಜಲು ಹೆಚ್ಚಾಯಿತು. ಡೀಮ್ಡ್ ಫಾರೆಸ್ಟ್ ಎನ್ನುವುದು ಇಂಥ ಜಾಗವನ್ನೇ. ಕಾಡು ಉಳಿಯಲೇಬೇಕು. ಆದರೆ ಮೂವತ್ತು ನಲವತ್ತು ಅಡಿಯ ಒಂದು ಸೈಟಿಗೂ ಈ ಜಿಲ್ಲೆಯಲ್ಲಿ ಜಾಗವಿಲ್ಲ ಅಂದರೆ ನನಗೆ ನಂಬಲು ಆಗುವುದಿಲ್ಲ.

ಯಾಕೆಂದರೆ ಇನ್ನೊಂದು ಕಡೆ ಜಾಗ ಸಿಕ್ಕಿದೆ. ಒತ್ತುವರಿಯಾಗಿ ಕಾಫಿ ತೋಟವಾಗಿರುವ ಸರ್ಕಾರಿ ಭೂಮಿಯನ್ನು ಬೆಳೆಗಾರರಿಗೆ 25 ಎಕರೆವರೆಗೆ, 30 ವರ್ಷಕ್ಕೆ ಗುತ್ತಿಗೆ ಕೊಡಲು ರಾಜ್ಯ ಕಾನೂನು ತಿದ್ದುಪಡಿ ಮಾಡಿತು. ಬೆಳೆಗಾರರ ಬಹುದಿನದ ಬೇಡಿಕೆ ಅದು. ಬೇಡ ಎನ್ನಲಾರೆ, ಅದರಲ್ಲಿ ಸಣ್ಣ ಹಿಡುವಳಿಯವರೂ ಇದ್ದಾರೆ. ಆದರೆ ಗುತ್ತಿಗೆ ಕೊಡುವ ಮೊದಲು ಆ ಜಮೀನನ್ನು ಅಳೆಯಲೇಬೇಕು. ಅಲ್ಲೆಲ್ಲಾದರೂ ಲೈನ್ ಮನೆ ಇದ್ದರೆ, ಅದರಲ್ಲಿರುವವರು ಯಾರು, ಎಷ್ಟು ವರ್ಷದಿಂದ ಇದ್ದಾರೆ ಅಂತ ಅದೇ ನಕ್ಷೆಯ ಪಕ್ಕ ಬರೆದುಕೊಳ್ಳುವುದಕ್ಕೆ ಇನ್ನೊಂದು ಅಳತೆ ಬೇಕಾಗಿಲ್ಲ.