ಮೂವರು ತಾರೆಯರಿದ್ದರೆ ಕಪ್ ಖಚಿತವೇ?

ಓದುಗರ ಪ್ರಶ್ನೆ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ನಾವು ಮೆಚ್ಚುವ ತಂಡದಲ್ಲಿ ಈಗಾಗಲೇ ಇಬ್ಬರು ದೊಡ್ಡ ಆಟಗಾರರಿದ್ದರು. ಈಗ ಮೂರನೆಯವರನ್ನೂ ತಂದಿದ್ದಾರೆ. ಬರುವ ಸೀಸನ್‌ನಲ್ಲಿ ಕಪ್ ಗೆಲ್ಲುವುದು ಖಚಿತವಲ್ಲವೇ?

ಧಾರವಾಡದಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ, ಏಕೆಂದರೆ ಅಮೆರಿಕದಲ್ಲಿ ಆಟಗಾರರು ತಂಡ ಬದಲಿಸುವ ಕಾಲವೂ ಅದೇ. ಒಂದು ವರ್ಷ ಲೇಕರ್ಸ್, ಇನ್ನೊಂದು ವರ್ಷ ಫೀನಿಕ್ಸ್, ಮತ್ತೊಂದು ವರ್ಷ ಹ್ಯೂಸ್ಟನ್ ಎಂದು ತಂಡದ ಹೆಸರು ಬದಲಾಗುತ್ತದೆಯೇ ಹೊರತು ಪ್ರಶ್ನೆ ಬದಲಾಗುವುದಿಲ್ಲ. ಇಲ್ಲಿನ ಕಾಲೇಜು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಬೆಳಗಿನ ಆರು ಗಂಟೆಗೆ ಮೊಬೈಲ್‌ನಲ್ಲಿ ಪಂದ್ಯ ಹಚ್ಚಿಕೊಂಡೇ ಮೈದಾನಕ್ಕೆ ಬರುವ ಹುಡುಗರು "ಈ ಸಲ ಕಪ್ ನಮ್ಮದ ಹೌದಲ್ರೀ ಸರ?" ಎಂದು ಕೇಳಿದಾಗಲೆಲ್ಲ ಒಂದೆರಡು ಮಾತಿನಲ್ಲಿ ಉತ್ತರಿಸಿದ್ದೇನೆ. ಆ ಒಂದೆರಡು ಮಾತು ಸಾಲುವುದಿಲ್ಲ ಎಂಬುದು ಮರುವರ್ಷ ಅದೇ ಹುಡುಗರು ಅದೇ ಪ್ರಶ್ನೆ ತಂದಾಗ ತಿಳಿಯುತ್ತದೆ. ಆದ್ದರಿಂದ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನೇರ ಉತ್ತರ ಇಷ್ಟು: ಖಚಿತವಲ್ಲ. ಬಂದವರು ಯಾರು ಎಂಬುದರಿಂದ ತಂಡದ ಭವಿಷ್ಯದ ಅರ್ಧ ಭಾಗವೂ ಗೊತ್ತಾಗುವುದಿಲ್ಲ. ಅವರಿಗಾಗಿ ಹೋದವರು ಯಾರು, ಉಳಿದ ನಿಮಿಷಗಳನ್ನು ಆಡುವವರು ಯಾರು, ಕೈಯಲ್ಲಿ ಚೆಂಡಿಲ್ಲದಾಗ ಹೊಸಬರು ಏನು ಮಾಡುತ್ತಾರೆ ಎಂಬುದನ್ನು ನೋಡದೆ ಯಾವ ತಂಡದ ಬಗೆಗೂ ನಾನು ಮಾತು ಕೊಡುವುದಿಲ್ಲ.

ಈ ತಪ್ಪು ಲೆಕ್ಕ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಕಾರಣ ಕ್ರಿಕೆಟ್ ಎಂದು ನನಗೆ ಅನಿಸುತ್ತದೆ. ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಸರತಿಯ ಕೆಲಸ. ಒಬ್ಬರು ನೂರು ಹೊಡೆದರೆಂದು ಮುಂದಿನವರ ಕೈಯ ಬ್ಯಾಟನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಒಬ್ಬರ ರನ್ನಿಗೆ ಇನ್ನೊಬ್ಬರ ರನ್ ಕೂಡುತ್ತ ಹೋಗುತ್ತದೆ. ಅಲ್ಲಿಯೂ ಈ ಕೂಡಿಸುವ ಲೆಕ್ಕ ಕೈಕೊಡುವುದುಂಟು: ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದ ವರ್ಷಗಳಲ್ಲಿ ಬೆಂಗಳೂರಿಗೆ ಬಾರದ ಕಪ್ 2025ರಲ್ಲಿ ಬಂದದ್ದನ್ನು ಹುಬ್ಬಳ್ಳಿಯವರಿಗೆ ನಾನು ನೆನಪಿಸಬೇಕಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಂತೂ ಐವರೂ ಒಟ್ಟಿಗೇ ಅಂಕಣದಲ್ಲಿರುತ್ತಾರೆ, ಚೆಂಡು ಒಂದೇ ಇರುತ್ತದೆ. ಎನ್‌ಬಿಎ ಪಂದ್ಯವೊಂದರಲ್ಲಿ ಒಂದು ತಂಡಕ್ಕೆ ದಾಳಿ ಮಾಡಲು ಹೆಚ್ಚು ಕಡಿಮೆ ನೂರು ಸಲ ಚೆಂಡು ಸಿಗುತ್ತದೆ, ಪ್ರತಿ ಸಲವೂ 24 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಬೇಕು. ಮೂವರು ದೊಡ್ಡ ಆಟಗಾರರು ಬಂದರೆಂದು ಈ ನೂರು ನೂರೈವತ್ತಾಗುವುದಿಲ್ಲ. ಹಿಂದಿನ ತಂಡಗಳಲ್ಲಿ ತಲಾ ಇಪ್ಪತ್ತೈದು ಅಂಕ ಗಳಿಸುತ್ತಿದ್ದ ಮೂವರನ್ನು ಕೂಡಿಸಿ ಎಪ್ಪತ್ತೈದು ಎಂದು ಬರೆಯುವವರು, ಆ ಅಂಕಗಳಿಗೆ ಬೇಕಾದ ಚೆಂಡನ್ನು ಎಲ್ಲಿಂದ ತರುತ್ತಾರೆಂದು ಕೇಳಿಕೊಳ್ಳುವುದೇ ಇಲ್ಲ.

ಇದಕ್ಕಿಂತ ಸರಳವಾದ ಇನ್ನೊಂದು ಲೆಕ್ಕವನ್ನು ನಾನು ಪ್ರತಿ ಹೊಸ ತಂಡಕ್ಕೂ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಎನ್‌ಬಿಎ ಪಂದ್ಯ 48 ನಿಮಿಷ, ಆಡುವವರು ಐವರು, ಅಂದರೆ ತಂಡವೊಂದು ತುಂಬಬೇಕಾದದ್ದು 240 ಆಟಗಾರ-ನಿಮಿಷಗಳು. ಮೂವರು ತಾರೆಯರು ತಲಾ 36 ನಿಮಿಷ ಆಡಿದರೂ ತುಂಬುವುದು 108 ಮಾತ್ರ. ಉಳಿದ 132 ನಿಮಿಷ, ಅಂದರೆ ಅರ್ಧಕ್ಕಿಂತ ಹೆಚ್ಚು ಪಂದ್ಯ, ನೀವು ಹೆಸರು ನೆನಪಿಟ್ಟುಕೊಳ್ಳದ ಆಟಗಾರರ ಕೈಯಲ್ಲಿರುತ್ತದೆ. ಇದು ಮೂವರೂ ಗಾಯವಿಲ್ಲದೆ ಆಡಿದ ದಿನದ ಮಾತು. ಬ್ರೂಕ್ಲಿನ್ ತಂಡ 2021ರ ಜನವರಿಯಲ್ಲಿ ಡುರಾಂಟ್, ಅರ್ವಿಂಗ್, ಹಾರ್ಡನ್ ಮೂವರನ್ನೂ ಒಂದುಗೂಡಿಸಿದಾಗ ಇನ್ನಾರೂ ಎದುರು ನಿಲ್ಲಲಾರರು ಎಂದು ಎಲ್ಲರೂ ಬರೆದರು. ಮರುವರ್ಷ ಫೆಬ್ರುವರಿಯಲ್ಲಿ ಹಾರ್ಡನ್ ತಂಡ ಬಿಡುವ ಹೊತ್ತಿಗೆ ಪ್ಲೇಆಫ್ ಪಂದ್ಯಗಳೂ ಸೇರಿ ಮೂವರೂ ಒಟ್ಟಿಗೆ ಆಡಿದ್ದು 16 ಪಂದ್ಯಗಳನ್ನು ಮಾತ್ರ.

ಫೀನಿಕ್ಸ್ ತಂಡದ ಕತೆ ಇನ್ನೂ ಸ್ಪಷ್ಟವಾದ ಪಾಠ, ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಈ ತಂಡ 2021ರಲ್ಲಿ ಫೈನಲ್ ತಲುಪಿತ್ತು, ಮರುವರ್ಷ ಲೀಗ್ ಹಂತದಲ್ಲಿ 64 ಪಂದ್ಯ ಗೆದ್ದಿತ್ತು. ಡೆವಿನ್ ಬುಕರ್ ಅಂಕ ಗಳಿಸುತ್ತಿದ್ದರು, ಕ್ರಿಸ್ ಪಾಲ್ ಚೆಂಡು ಹಂಚುತ್ತಿದ್ದರು, ಎದುರಾಳಿಯ ಅತ್ಯುತ್ತಮ ಆಟಗಾರನ ಬೆನ್ನು ಹತ್ತುವ ದಣಿವಿನ ಕೆಲಸವನ್ನು ಮಿಕಾಲ್ ಬ್ರಿಜಸ್ ಮಾಡುತ್ತಿದ್ದರು. 2023ರ ಫೆಬ್ರುವರಿಯಲ್ಲಿ ಡುರಾಂಟ್ ಅವರನ್ನು ತರಲು ಬ್ರಿಜಸ್, ಕ್ಯಾಮರಾನ್ ಜಾನ್ಸನ್, ಜೇ ಕ್ರೌಡರ್ ಅವರನ್ನೂ ಮುಂದಿನ ವರ್ಷಗಳ ನಾಲ್ಕು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳನ್ನೂ (ಲೀಗ್‌ಗೆ ಬರುವ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು) ಕೊಟ್ಟರು. ನಾಲ್ಕು ತಿಂಗಳ ನಂತರ ಬ್ರ್ಯಾಡ್ಲಿ ಬೀಲ್ ಅವರನ್ನು ತರಲು ಕ್ರಿಸ್ ಪಾಲ್ ಅವರನ್ನೂ ಬಿಟ್ಟುಕೊಟ್ಟರು. ಈಗ ಅಂಕ ಗಳಿಸಬಲ್ಲವರು ಮೂವರಾದರು, ಚೆಂಡು ಹಂಚುವವರು ಇಲ್ಲವಾದರು. ಬುಕರ್, ಡುರಾಂಟ್, ಬೀಲ್ ಮೂವರಿಗೂ ಇಷ್ಟವಾದದ್ದು ತಾವೇ ಚೆಂಡು ಹಿಡಿದು ನಡು ಅಂತರದಿಂದ ಎಸೆಯುವ ಆಟ. ಒಬ್ಬರು ಅದನ್ನು ಮಾಡುತ್ತಿದ್ದರೆ ಉಳಿದಿಬ್ಬರು ನಿಂತು ನೋಡಬೇಕು. 2023–24ರಲ್ಲಿ ಬೀಲ್ 53 ಪಂದ್ಯಗಳನ್ನಷ್ಟೇ ಆಡಿದರು. ತಂಡ 49 ಗೆದ್ದು, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮಿನೆಸೋಟಕ್ಕೆ 4–0ಯಿಂದ ಸೋತಿತು. ಅದರ ಮರುವರ್ಷ ಗೆದ್ದದ್ದು 36, ಪ್ಲೇಆಫ್ ಕೂಡ ಸಿಗಲಿಲ್ಲ. 2025ರ ಜುಲೈ ಮುಗಿಯುವಷ್ಟರಲ್ಲಿ ಡುರಾಂಟ್ ಹ್ಯೂಸ್ಟನ್‌ಗೆ ಹೋಗಿದ್ದರು, ಬೀಲ್ ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್ ಸೇರಿದ್ದರು.

ನಮ್ಮ ಸೀಮೆಯ ರೈತರು ಸಂತೆಯಲ್ಲಿ ಎತ್ತು ಕೊಳ್ಳುವಾಗ ಅದರ ಮೈಕಟ್ಟನ್ನಷ್ಟೇ ನೋಡಿ ದುಡ್ಡು ಎಣಿಸುವುದಿಲ್ಲ. ಮನೆಯಲ್ಲಿರುವ ಎತ್ತಿಗೆ ಜೋಡಿಯಾದೀತೇ, ನೊಗದ ಯಾವ ಬದಿಗೆ ಪಳಗಿದೆ ಎಂದು ಮೊದಲು ವಿಚಾರಿಸುತ್ತಾರೆ. ಎಡಕ್ಕೆ ಪಳಗಿದ ಎರಡು ಎತ್ತುಗಳನ್ನು ಕಟ್ಟಿದರೆ ಎರಡೂ ಬಲಶಾಲಿಗಳಾಗಿದ್ದರೂ ಸಾಲು ನೇರ ಬರುವುದಿಲ್ಲ. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಬಹಳ ವರ್ಷಗಳ ಹಿಂದೆ ಅಂತರ ಕಾಲೇಜು ಪಂದ್ಯಾವಳಿಯೊಂದಕ್ಕೆ ತಂಡ ಆರಿಸುವಾಗ, ಹೆಚ್ಚು ಅಂಕ ಗಳಿಸುವವರನ್ನೇ ಆರಿಸಿ, ಅಂಕ ಗಳಿಸದೆ ಬರೀ ಸ್ಕ್ರೀನ್ (ಎದುರಾಳಿಯ ದಾರಿಗೆ ಅಡ್ಡ) ನಿಲ್ಲುತ್ತಿದ್ದ ಗದುಗಿನ ಹುಡುಗನೊಬ್ಬನನ್ನು ಬೆಂಚಿಗೆ ಕಳಿಸಿದೆ. ಎರಡು ಪಂದ್ಯ ಸೋತ ಮೇಲೆ ಅವನನ್ನು ಮರಳಿ ಆಡಿಸಿದೆ. ಅವನು ಆ ದಿನ ಎರಡೇ ಅಂಕ ಗಳಿಸಿದ, ಉಳಿದವರಿಗೆಲ್ಲ ಎಸೆಯಲು ಜಾಗ ಸಿಕ್ಕಿತು, ನಾವು ಗೆದ್ದೆವು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಮಯಾಮಿಯ ಹೆಸರು ಎತ್ತುತ್ತಾರೆ, ಎತ್ತಲೇಬೇಕು. ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬೋಶ್ ಒಂದಾಗಿ ಎರಡು ಕಪ್ ಗೆಲ್ಲಲಿಲ್ಲವೇ? ಗೆದ್ದರು, ಆದರೆ ಮೊದಲ ವರ್ಷವಲ್ಲ. 2010ರ ಅಕ್ಟೋಬರ್‌ನಲ್ಲಿ ಶುರುವಾದ ಆ ಸೀಸನ್‌ನ ಮೊದಲ 17 ಪಂದ್ಯಗಳಲ್ಲಿ ಅವರು ಗೆದ್ದದ್ದು 9, ಸೋತದ್ದು 8. ಫೈನಲ್‌ನಲ್ಲಿ ಡಲ್ಲಾಸ್‌ಗೆ 4–2ರಿಂದ ಸೋತರು. ಗೆಲುವು ಬಂದದ್ದು ಬೋಶ್ ತಮ್ಮ ಹಳೆಯ ಆಟವನ್ನು ಬಿಟ್ಟು ಬುಟ್ಟಿಯ ಬಳಿಯ ಸೆಂಟರ್ ಸ್ಥಾನದ ಒರಟು ಕೆಲಸವನ್ನು ಒಪ್ಪಿಕೊಂಡ ಮೇಲೆ, ಶೇನ್ ಬ್ಯಾಟಿಯರ್, ಎರಡನೆಯ ಕಪ್ ಹೊತ್ತಿಗೆ ರೇ ಅಲೆನ್ ಅವರಂಥವರು ಸುತ್ತಲೂ ಸೇರಿಕೊಂಡ ಮೇಲೆ. 2013ರ ಫೈನಲ್‌ನ ಆರನೆಯ ಪಂದ್ಯವನ್ನು ನೆನೆಯಿರಿ. ಮಯಾಮಿ ಸರಣಿಯಲ್ಲಿ 3–2ರಿಂದ ಹಿಂದಿತ್ತು, ಪಂದ್ಯದಲ್ಲಿ ಮೂರು ಅಂಕಗಳಿಂದ ಹಿಂದಿತ್ತು, ಕೊನೆಯ ಕ್ಷಣಗಳು ಓಡುತ್ತಿದ್ದವು. ಜೇಮ್ಸ್ ಎಸೆದ ಚೆಂಡು ಬುಟ್ಟಿಗೆ ಬೀಳಲಿಲ್ಲ. ಬೋಶ್ ರಿಬೌಂಡ್ ಹಿಡಿದು, ತಾವು ಎಸೆಯದೆ, ಮೂಲೆಗೆ ಹಿಂದಡಿ ಇಡುತ್ತಿದ್ದ ಅಲೆನ್‌ಗೆ ಕೊಟ್ಟರು. ಐದು ಸೆಕೆಂಡುಗಳಷ್ಟು ಉಳಿದಿದ್ದಾಗ ಅಲೆನ್ ಎಸೆದ ಮೂರಂಕದ ಎಸೆತ ಪಂದ್ಯವನ್ನು ಸಮ ಮಾಡಿತು. ಮಯಾಮಿ ಹೆಚ್ಚುವರಿ ಅವಧಿಯಲ್ಲಿ ಆ ಪಂದ್ಯವನ್ನೂ, ಆಮೇಲೆ ಏಳನೆಯದನ್ನೂ ಗೆದ್ದಿತು. ಮೂರನೆಯ ತಾರೆಯ ಕೊಡುಗೆ ಅಲ್ಲಿ ಒಂದು ರಿಬೌಂಡ್ ಮತ್ತು ಒಂದು ಪಾಸ್. ಆ ತುಣುಕನ್ನು ನಾನು ನನ್ನ ಮಕ್ಕಳಿಗೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ.

ಬಾಸ್ಟನ್ 2007ರಲ್ಲಿ ಗಾರ್ನೆಟ್, ಅಲೆನ್ ಇಬ್ಬರನ್ನೂ ತಂದು ಒಂದೇ ವರ್ಷದಲ್ಲಿ 24 ಗೆಲುವುಗಳಿಂದ 66ಕ್ಕೆ ಏರಿ ಕಪ್ ಗೆದ್ದದ್ದೂ ನಿಜ. ಅಲ್ಲಿ ಗಾರ್ನೆಟ್ ಡಿಫೆನ್ಸ್ ಕಟ್ಟುವವರು, ಅಲೆನ್ ದೂರದಿಂದ ಎಸೆಯುವವರು, ಮೊದಲಿನಿಂದಲೂ ತಂಡದಲ್ಲಿದ್ದ ಪಿಯರ್ಸ್ ಚೆಂಡು ಹಿಡಿದು ನುಗ್ಗುವವರು, ಹೀಗೆ ಕೆಲಸಗಳು ಬೇರೆ ಬೇರೆ ಇದ್ದವು. ಗೋಲ್ಡನ್ ಸ್ಟೇಟ್ 2016ರಲ್ಲಿ ಡುರಾಂಟ್ ಅವರನ್ನು ಸೇರಿಸಿಕೊಂಡು ಸತತ ಎರಡು ಕಪ್ ಗೆದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ವರ್ಷ ಹೊಸ ಟಿವಿ ಒಪ್ಪಂದದ ಹಣ ಹರಿದು ಬಂದು ತಂಡಗಳ ಸಂಬಳದ ಮಿತಿ 7 ಕೋಟಿ ಡಾಲರ್‌ಗಳಿಂದ 9.4 ಕೋಟಿಗೆ ಒಮ್ಮೆಲೇ ಜಿಗಿಯಿತು. ಆದ್ದರಿಂದ ಕರಿ, ಥಾಂಪ್ಸನ್, ಗ್ರೀನ್ ಯಾರನ್ನೂ ಕಳೆದುಕೊಳ್ಳದೆ ನಾಲ್ಕನೆಯವರನ್ನು ಕರೆತರಲು ಸಾಧ್ಯವಾಯಿತು. ಅಂಥ ಜಿಗಿತ ಮತ್ತೆ ಬರಲಿಲ್ಲ.

ಈಗ ನಿಯಮ ಇನ್ನೂ ಬಿಗಿಯಾಗಿದೆ. 2025–26ರ ಸಂಬಳದ ಮಿತಿ ಸುಮಾರು 15.46 ಕೋಟಿ ಡಾಲರ್. ಐಪಿಎಲ್‌ನಲ್ಲಿರುವಂಥ ದಾಟಲೇಬಾರದ ಗೆರೆ ಇದಲ್ಲ, ತಮ್ಮದೇ ಆಟಗಾರರನ್ನು ಉಳಿಸಿಕೊಳ್ಳಲು ತಂಡಗಳು ದಾಟುತ್ತವೆ. ಆದರೆ ಸುಮಾರು 20.78 ಕೋಟಿ ಡಾಲರ್‌ಗಳ ಬಳಿ ಎರಡನೇ ಏಪ್ರನ್ ಎಂಬ ಮತ್ತೊಂದು ಗೆರೆ ಇದೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದ ಪ್ರಕಾರ ಅದನ್ನು ಮೀರಿದ ತಂಡವು ಇಬ್ಬರು ಮೂವರು ಆಟಗಾರರ ಸಂಬಳವನ್ನು ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ, ಅಂದರೆ ಆಟಗಾರರ ವಿನಿಮಯದಲ್ಲಿ, ತರುವಂತಿಲ್ಲ. ಹತ್ತು ವರ್ಷ ಆಡಿದ ತಾರೆಗೆ ಮಿತಿಯ ಶೇ 35ರಷ್ಟು ಸಂಬಳ ಸಿಗಬಹುದು. ಅಂಥವರು ಮೂವರಾದರೆ ಮಿತಿಯೇ ಮುಗಿದುಹೋಗುತ್ತದೆ. ಮೇಲೆ ಹೇಳಿದ 132 ನಿಮಿಷಗಳಿಗೆ ಕನಿಷ್ಠ ಸಂಬಳಕ್ಕೆ ಒಪ್ಪುವವರನ್ನು ಹುಡುಕಬೇಕಾಗುತ್ತದೆ.

ಹಾಗಾದರೆ ನಿಮ್ಮ ತಂಡವನ್ನು ಅಳೆಯುವುದು ಹೇಗೆ? ಓಕ್ಲಹೋಮ ಸಿಟಿಯನ್ನು ನೋಡಿ. 2024ರಲ್ಲಿ ಅದು 57 ಪಂದ್ಯ ಗೆದ್ದು ಎರಡನೆಯ ಸುತ್ತಿನಲ್ಲಿ ಡಲ್ಲಾಸ್‌ಗೆ ಸೋತಿತು. ರಿಬೌಂಡ್‌ನಲ್ಲಿ ತಂಡ ದುರ್ಬಲವಾಗಿತ್ತು. ಅವರು ಇನ್ನೊಬ್ಬ ತಾರೆಯನ್ನು ಹುಡುಕಲಿಲ್ಲ. ರಿಬೌಂಡ್‌ಗೆ ಐಸಾಯಾ ಹಾರ್ಟನ್‌ಸ್ಟೈನ್, ಡಿಫೆನ್ಸ್‌ಗೆ ಅಲೆಕ್ಸ್ ಕರೂಸೊ, ಇಬ್ಬರನ್ನು ತಂದರು. ಮರುವರ್ಷ 68 ಗೆಲುವು, ಮೇಲೆ ಕಪ್. ತಂಡಕ್ಕೆ ಏನು ಕೊರತೆಯಿತ್ತು, ಬಂದವರು ಆ ಕೊರತೆಯನ್ನೇ ತುಂಬುವವರೇ ಎಂದು ಮೊದಲು ಕೇಳಿ. ದೀಪಾವಳಿಯ ಆಸುಪಾಸಿನಲ್ಲಿ ಸೀಸನ್ ಶುರುವಾದ ಮೇಲೆ ಮೊದಲ ಇಪ್ಪತ್ತು ಪಂದ್ಯಗಳಲ್ಲಿ ಗೆಲುವು ಸೋಲಿಗಿಂತ ಹೆಚ್ಚಾಗಿ, ತಾರೆಯರಿಬ್ಬರು ಬೆಂಚಿನಲ್ಲಿ ಕುಳಿತ ನಿಮಿಷಗಳಲ್ಲಿ ಅಂಕದ ಅಂತರ ಏನಾಗುತ್ತದೆ ಎಂದು ನೋಡಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಉಳಿದಿದೆ: ಆ ದೊಡ್ಡ ಆಟಗಾರನಿಗಾಗಿ ನಿಮ್ಮ ತಂಡ ಕೊಟ್ಟ ಡ್ರಾಫ್ಟ್ ಹಕ್ಕುಗಳು ಎಲ್ಲಿಗೆ ಹೋದವು? ಇವು ಬಿತ್ತನೆಯ ಬೀಜವಿದ್ದಂತೆ, ಕೊಟ್ಟ ದಿನ ನಷ್ಟ ಕಾಣುವುದಿಲ್ಲ. 2013ರಲ್ಲಿ ಬ್ರೂಕ್ಲಿನ್ ತಂಡ ಕಪ್‌ನ ಆಸೆಗೆ ಬಾಸ್ಟನ್‌ನಿಂದ 37 ವರ್ಷದ ಗಾರ್ನೆಟ್ ಮತ್ತು 35 ವರ್ಷದ ಪಿಯರ್ಸ್ ಅವರನ್ನು ತಂದಿತು. ಬದಲಿಗೆ 2014, 2016, 2018ರ ಮೊದಲ ಸುತ್ತಿನ ಹಕ್ಕುಗಳನ್ನೂ, 2017ರಲ್ಲಿ ಡ್ರಾಫ್ಟ್ ಸರದಿಯ ಸ್ಥಾನ ಅದಲುಬದಲು ಮಾಡಿಕೊಳ್ಳುವ ಅವಕಾಶವನ್ನೂ ಕೊಟ್ಟಿತು. ಆ ಸೀಸನ್‌ನಲ್ಲಿ ಬ್ರೂಕ್ಲಿನ್ ಎರಡನೆಯ ಸುತ್ತಿಗೆ ಮುಗಿಯಿತು. 2016–17ರಲ್ಲಿ ಬರೀ 20 ಪಂದ್ಯ ಗೆದ್ದು ಲೀಗ್‌ನಲ್ಲೇ ಕೊನೆಯದಾಯಿತು. ಬ್ರೂಕ್ಲಿನ್‌ಗೆ ಸಿಗಬೇಕಿದ್ದ ಡ್ರಾಫ್ಟ್‌ನ ಮೊದಲ ಸ್ಥಾನವೂ ಬಾಸ್ಟನ್ ಪಾಲಾಯಿತು. ಬಾಸ್ಟನ್ ಅದನ್ನು ಮೂರನೆಯ ಸ್ಥಾನಕ್ಕೆ ಬದಲಿಸಿಕೊಂಡು ಜೇಸನ್ ಟೇಟಮ್ ಅವರನ್ನು ಆರಿಸಿತು. ಅದಕ್ಕೂ ಹಿಂದಿನ ವರ್ಷ ಬ್ರೂಕ್ಲಿನ್‌ನ ಹಕ್ಕಿನಲ್ಲೇ ಜೇಲನ್ ಬ್ರೌನ್ ಅವರನ್ನು ಆರಿಸಿತ್ತು. 2024ರ ಜೂನ್‌ನಲ್ಲಿ, ಇಲ್ಲಿ ಮೃಗಶಿರಾ ಮಳೆಯ ದಿನಗಳಲ್ಲಿ, ಬಾಸ್ಟನ್ ಡಲ್ಲಾಸ್ ತಂಡವನ್ನು 4–1ರಿಂದ ಮಣಿಸಿ ಕಪ್ ಎತ್ತಿತು; ಫೈನಲ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡವರು ಬ್ರೌನ್. ಗಾರ್ನೆಟ್, ಪಿಯರ್ಸ್ ಇಬ್ಬರೂ ಆಟದಿಂದ ನಿವೃತ್ತರಾಗಿ ಆಗಲೇ ಹಲವು ವರ್ಷಗಳಾಗಿದ್ದವು.