ಮಾದರಿ ಕಾರಿಗೆ ನೇಲ್ ಪಾಲಿಶ್: ರಿಮೂವರ್ ಬಾಟಲಿ ಪಕ್ಕಕ್ಕಿಡಿ

ಮಾದರಿ ಕಾರಿಗೆ ಏರ್‌ಬ್ರಶ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಹೊಡೆಯಲು ನೇಲ್ ಪಾಲಿಶ್ ತೆಳುಮಾಡುವಾಗ ರಿಮೂವರ್ ಹಾಕಬೇಡಿ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ತಪ್ಪು, ಮತ್ತೆ ಅದೇ ಹಾಳಾದ ಬಾಡಿ. ರಿಮೂವರ್ ಪಾಲಿಶನ್ನು ಕರಗಿಸುತ್ತದೆ, ಅಂದಮೇಲೆ ತೆಳುವೂ ಮಾಡುತ್ತದಲ್ಲ ಎಂಬುದು ಎಲ್ಲರ ಲೆಕ್ಕ. ಆ ಲೆಕ್ಕದಲ್ಲಿ ಪ್ಲಾಸ್ಟಿಕ್ಕನ್ನು ಯಾರೂ ಸೇರಿಸುವುದಿಲ್ಲ. ದುಡ್ಡು ಕೂಡಿಟ್ಟು ತರಿಸಿದ, ಜಪಾನಿನ ತಮಿಯಾ ಕಂಪನಿಯ ಕಿಟ್ಟಿನ ಬಾನೆಟ್ ಮೇಲೆ ಬಿರುಕಿನ ಜಾಲ ಎದ್ದ ಮೇಲಷ್ಟೇ ಫೋಟೋ ಕಳಿಸಿ ಕೇಳುತ್ತಾರೆ, 'ಸರ್, ಪಾಲಿಶ್ ಡೂಪ್ಲಿಕೇಟ್ ಇರಬಹುದಾ?' ಎಂದು. ಪಾಲಿಶ್ ಸರಿಯಾಗಿಯೇ ಇರುತ್ತದೆ.

ಉಗುರಿನ ಬಣ್ಣವನ್ನು ಕಾರಿಗೆ ಹೊಡೆಯುವುದರಲ್ಲಿ ವಿಚಿತ್ರವೇನೂ ಇಲ್ಲ. ನೇಲ್ ಪಾಲಿಶ್ ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ದ್ರಾವಕ ಆರಿದಾಗ ಗಟ್ಟಿ ಪದರವಾಗುವ ಬಣ್ಣ. 1920ರ ದಶಕದಲ್ಲಿ ಡುಪಾಂಟ್ ಕಂಪನಿಯ ಡ್ಯೂಕೋ ಬಂದು, ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರುಗಳು 1924ರ ಮಾದರಿಗೆ ನೀಲಿ ಬಣ್ಣ ತೊಟ್ಟಾಗ ಬಳಸಿದ್ದು ಇದೇ ಜಾತಿಯ ಬಣ್ಣ. ಅದಕ್ಕೆ ಮೊದಲು ಒಂದು ಕಾರಿನ ಬಣ್ಣ ಪೂರ್ತಿ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ಹಾಗಾಗಿ ಫ್ಯಾನ್ಸಿ ಸ್ಟೋರಿನ ಗಾಜಿನ ಕಪಾಟಿನಲ್ಲಿರುವ ಸಣ್ಣ ಬಾಟಲಿ ನಮ್ಮ ಕೆಲಸಕ್ಕೆ ಹತ್ತಿರದ ನೆಂಟನೇ. ಹಾಬಿ ಅಂಗಡಿಯಲ್ಲಿ ಸಿಗದ ಶೇಡುಗಳು ಅಲ್ಲಿ ಸಾಲಾಗಿ ಕೂತಿರುತ್ತವೆ: ಪರ್ಲ್, ಬಣ್ಣ ಬದಲಿಸುವ ಹಸಿರು-ನೇರಳೆ, ಆಳವಾದ ವೈನ್ ಕೆಂಪು.

ಬಾಟಲಿಯಲ್ಲಿ ಏನಿದೆ ಎಂಬುದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಪದರ ಕಟ್ಟಲು ನೈಟ್ರೋಸೆಲ್ಯುಲೋಸ್, ಅದು ಸಿಡಿಯದಂತೆ ಪ್ಲಾಸ್ಟಿಸೈಜರ್, ಹೊಳಪಿಗೆ ರೆಸಿನ್, ಮಿನುಗು ತಳಕ್ಕಿಳಿಯದಂತೆ ಹಿಡಿದಿಡಲು ಒಂದು ಬಗೆಯ ಜೇಡಿಮಣ್ಣು, ಇವೆಲ್ಲ ಕರಗಿ ನಿಲ್ಲಲು ಈಥೈಲ್ ಅಸಿಟೇಟ್ ಮತ್ತು ಬ್ಯುಟೈಲ್ ಅಸಿಟೇಟ್. ಈಥೈಲ್ ಬೇಗ ಆರುತ್ತದೆ, ಬ್ಯುಟೈಲ್ ನಿಧಾನ. ಆ ನಿಧಾನದಲ್ಲೇ ಬಣ್ಣ ಹರಡಿ ಸಪಾಟಾಗುವುದು.

ಈಗ ಇದಕ್ಕೆ ರಿಮೂವರಿನ ಮುಖ್ಯ ದ್ರಾವಕವಾದ ಅಸಿಟೋನ್ ಸುರಿದರೆ ಏನಾಗುತ್ತದೆ ನೋಡಿ. ಕಿಟ್ಟಿನ ಬಾಡಿ ಪಾಲಿಸ್ಟೈರೀನ್. ಅಚ್ಚಿನಲ್ಲಿ ಬಿಸಿಯಾಗಿ ಒತ್ತಿ ಗಕ್ಕನೆ ತಣ್ಣಗಾದ ಪ್ಲಾಸ್ಟಿಕ್ಕಿನೊಳಗೆ ಬಿಗಿತ ಉಳಿದಿರುತ್ತದೆ. ಅಸಿಟೋನ್ ಮೇಲ್ಮೈಯನ್ನು ಮೆತ್ತಗೆ ಮಾಡಿದ ಕೂಡಲೇ ಆ ಬಿಗಿತ ಬಿರುಕಾಗಿ ಹೊರಬರುತ್ತದೆ. ಬಾಡಿಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿದುಬಂದ ಜಾಗದಲ್ಲಿ, ಚಾವಣಿಯ ಕಂಬಗಳ ಬುಡದಲ್ಲಿ, ಚಕ್ರದ ಕಮಾನಿನ ಅಂಚಿನಲ್ಲಿ ಕೂದಲೆಳೆಯ ಗೆರೆಗಳು ಮೊದಲು ಕಾಣಿಸುತ್ತವೆ. ಈಥೈಲ್ ಅಸಿಟೇಟೂ ಪಾಲಿಸ್ಟೈರೀನಿಗೆ ಒಳ್ಳೆಯದಲ್ಲ, ಅದನ್ನು ಪ್ರೈಮರಿನ (ಬಣ್ಣಕ್ಕೆ ಮೊದಲು ಕೊಡುವ ಅಡಿಪದರ) ಮಾತು ಬಂದಾಗ ಹೇಳುತ್ತೇನೆ.

ಎರಡನೆಯದು, ವೇಗ. ಅಸಿಟೋನ್ ನಳಿಕೆಯಿಂದ ಬಾಡಿ ತಲುಪುವಷ್ಟರಲ್ಲೇ ಅರ್ಧ ಆರಿಹೋಗುತ್ತದೆ. ಬೇಸಿಗೆಯಲ್ಲಿ ಬಳ್ಳಾರಿ, ಕಲಬುರಗಿ ಕಡೆ ಕೂತು ಹೊಡೆಯುವವರಿಗೆ ಬಣ್ಣ ಪುಡಿಯಾಗಿ ಬೀಳುತ್ತದೆ, ಇಲ್ಲವೇ ಗಾಳಿಯಲ್ಲೇ ಎಳೆ ಎಳೆಯಾಗಿ ಜೇಡರ ಬಲೆಯಂತೆ ತೇಲುತ್ತದೆ. ಮೂರನೆಯದು ತೇವ. ಬೇಗ ಆರುವ ದ್ರಾವಕ ಮೇಲ್ಮೈಯ ಬಿಸಿಯನ್ನು ಹೀರುತ್ತದೆ, ತಣ್ಣಗಾದ ಪದರದ ಮೇಲೆ ಗಾಳಿಯ ನೀರು ಕೂರುತ್ತದೆ, ನೈಟ್ರೋಸೆಲ್ಯುಲೋಸ್ ಅಲ್ಲೇ ಬಿಳಿಚಿ ಹೋಗುತ್ತದೆ. ಮಂಗಳೂರು, ಉಡುಪಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 'ಕಪ್ಪು ಹೊಡೆದೆ, ಬೂದಿ ಬಣ್ಣ ಬಂತು' ಎನ್ನುವುದು ಇದಕ್ಕೇ.

ನಾಲ್ಕನೆಯದನ್ನು ಯಾರೂ ಯೋಚಿಸುವುದೇ ಇಲ್ಲ. ಅಂಗಡಿಯ ರಿಮೂವರ್ ಶುದ್ಧ ಅಸಿಟೋನ್ ಆಗಿರುವುದು ಕಡಿಮೆ. ಉಗುರು ಒಣಗಬಾರದೆಂದು ಅದರಲ್ಲಿ ಎಣ್ಣೆ, ಗ್ಲಿಸರಿನ್, ಪರಿಮಳ, ನೀರು ಸೇರಿರುತ್ತವೆ. ನೀರು ತಾಗಿದರೆ ನೈಟ್ರೋಸೆಲ್ಯುಲೋಸ್ ಹೊರಬಿದ್ದು ಏರ್‌ಬ್ರಶ್‌ನ ಬಣ್ಣದ ಬಟ್ಟಲಿನೊಳಗೇ ನೂಲಾಗಿ ಸುತ್ತಿಕೊಳ್ಳುತ್ತದೆ. ಎಣ್ಣೆ ಇದ್ದರೆ ಬಾಡಿಯ ಮೇಲೆ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ. 'ಅಸಿಟೋನ್ ಇಲ್ಲದ' ರಿಮೂವರೂ ಇದೇ ಕಾರಣಕ್ಕೆ ಬೇಡ.

ಹಾಗಾದರೆ ಯಾವುದು? ಹಾಬಿ ಲ್ಯಾಕರ್ ಥಿನ್ನರ್, ಅಂದರೆ ಮಾದರಿಗಳ ಲ್ಯಾಕರ್ ಬಣ್ಣ ತೆಳುಮಾಡುವ ದ್ರಾವಕ. ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಮೊದಲ ಆಯ್ಕೆ, ಅದರಲ್ಲಿ ಆರುವುದನ್ನು ನಿಧಾನಿಸುವ ರಿಟಾರ್ಡರ್ ಮೊದಲೇ ಸೇರಿದೆ. ತಮಿಯಾದ ಹಳದಿ ಮುಚ್ಚಳದ ಲ್ಯಾಕರ್ ಥಿನ್ನರೂ ಆಗುತ್ತದೆ. ಎರಡೂ ಕೈಗೆಟುಕದಿದ್ದರೆ ಪೇಂಟ್ ಅಂಗಡಿಯ, ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆಂದೇ ಇರುವ ಒಳ್ಳೆ ದರ್ಜೆಯ ಎನ್‌ಸಿ ಥಿನ್ನರ್. ಆದರೆ ಇದು ಖಾರ ಜಾಸ್ತಿ, ಪ್ರೈಮರ್ ಗಟ್ಟಿಯಾಗಿ ಕೂತಿದ್ದರೆ ಮಾತ್ರ. ಅಗ್ಗದ ಎನ್‌ಸಿ ಥಿನ್ನರಿನಲ್ಲಿ ಏನು ಬೆರೆತಿದೆ ಎಂಬುದಕ್ಕೆ ಖಾತ್ರಿ ಇಲ್ಲ. ಒಂದು ಗಾಜಿನ ಬಾಟಲಿಯಲ್ಲಿ ಎರಡು ಹನಿ ಪಾಲಿಶ್ ಜೊತೆ ಬೆರೆಸಿ ಹತ್ತು ನಿಮಿಷ ಬಿಡಿ, ಗಂಟು ಕಟ್ಟದಿದ್ದರೆ ಮುಂದುವರಿಯಿರಿ.

ಪ್ರಮಾಣ ಹೀಗೆ. ಮಿನುಗಿಲ್ಲದ ಗಟ್ಟಿ ಕ್ರೀಮ್ ಶೇಡಿಗೆ ಒಂದು ಪಾಲು ಪಾಲಿಶ್, ಒಂದೂವರೆಯಿಂದ ಎರಡು ಪಾಲು ಥಿನ್ನರ್. ಪರ್ಲ್ ಮತ್ತು ಪಾರದರ್ಶಕ ಶೇಡಿಗೆ ಒಂದಕ್ಕೆ ಒಂದು. ಮಿಶ್ರಣವನ್ನು ಬಟ್ಟಲಿನ ಗೋಡೆಗೆ ಹಚ್ಚಿದರೆ ಸಲೀಸಾಗಿ ಇಳಿದು ಹಿಂದೆ ತೆಳು ಬಣ್ಣ ಉಳಿಯಬೇಕು. ಇಳಿಯದೆ ನಿಂತರೆ ಇನ್ನಷ್ಟು ಥಿನ್ನರ್ ಬೇಕು. ತೇವದ ದಿನಗಳಲ್ಲಿ ಬೇರೆ ರಿಟಾರ್ಡರ್ ಸೇರಿಸುವುದಾದರೆ ಒಟ್ಟು ಮಿಶ್ರಣದ ಶೇ 5ರಿಂದ 10, ಅದಕ್ಕಿಂತ ಮೇಲೆ ಹೋದರೆ ಬಣ್ಣ ದಿನಗಟ್ಟಲೆ ಮೆತ್ತಗೇ ಇರುತ್ತದೆ. ತೇವಾಂಶ ಶೇ 70 ದಾಟಿದ ದಿನ ಕೆಲಸ ಮುಂದಕ್ಕೆ ಹಾಕುವುದೇ ಮೇಲು. 1/24 ಅಳತೆಯ ಒಂದು ಬಾಡಿಗೆ ಬಾಟಲಿಯ ಪಾಲಿಶ್ ಸುಮಾರು 5-6 ಎಂಎಲ್ ಹಿಡಿಯುತ್ತದೆ. ಎರಡು ಬಾಟಲಿ ಒಟ್ಟಿಗೇ, ಒಂದೇ ಬ್ಯಾಚ್ ನಂಬರ್ ನೋಡಿ ತನ್ನಿ. ಬೇರೆ ಬ್ಯಾಚಿನ ಕೆಂಪು ಬಾಗಿಲ ಮೇಲೆ ಬೇರೆಯಾಗಿಯೇ ಕಾಣುತ್ತದೆ. ಬೆರೆಸುವ ಪಾತ್ರೆ ಗಾಜಿನದಿರಲಿ. ಪಾರ್ಟಿಗೆ ತರುವ ಗಡಸು ಪ್ಲಾಸ್ಟಿಕ್ ಲೋಟದ ತಳ ಕರಗಿ ಮೇಜಿಗೆ ಇಳಿಯಬಹುದು.

ಜೆಲ್ ಪಾಲಿಶ್ ತರಲೇಬೇಡಿ. ಅದು ಯುವಿ ದೀಪದ ಕೆಳಗೆ ಗಟ್ಟಿಯಾಗುವ ಬೇರೆ ರಸಾಯನ, ಥಿನ್ನರ್ ಆರಿದರೂ ಅದು ಒಣಗುವುದಿಲ್ಲ. ಸಿಪ್ಪೆಯಂತೆ ಕಿತ್ತುಬರುವ ನೀರಿನ ಪಾಲಿಶೂ ಬೇಡ.

ಇನ್ನು ಪ್ರೈಮರ್. ಥಿನ್ನರ್ ಎಷ್ಟೇ ಸೌಮ್ಯವಾಗಿದ್ದರೂ ಪಾಲಿಶಿನಲ್ಲೇ ಈಥೈಲ್ ಅಸಿಟೇಟ್ ಇದೆ, ಬರಿ ಪ್ಲಾಸ್ಟಿಕ್ಕಿನ ಮೇಲೆ ಹೊಡೆಯುವಂತಿಲ್ಲ. ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಒಣಗಿಸಿ, ಮಿಸ್ಟರ್ ಸರ್ಫೇಸರ್ 1500 ಅಥವಾ ತಮಿಯಾ ಫೈನ್ ಸರ್ಫೇಸ್ ಪ್ರೈಮರ್ ಎರಡು ಮೂರು ತೆಳು ಕೋಟ್ ಕೊಟ್ಟು ಒಂದು ದಿನ ಪೂರ್ತಿ ಬಿಡಿ. ಎಡವುವುದು ಅದಾದ ಮೇಲೆ. ಪ್ರೈಮರನ್ನು ನುಣುಪು ಮಾಡಲು 2000 ನಂಬರಿನ ಸ್ಯಾಂಡ್‌ಪೇಪರ್ ಹಿಡಿದು ಉಜ್ಜುತ್ತಾರೆ, ಬಾಡಿಯ ಏಣುಗಳಲ್ಲಿ ಪ್ರೈಮರ್ ಸವೆದು ಪ್ಲಾಸ್ಟಿಕ್ ಇಣುಕುತ್ತದೆ, ಹಾಗೇ ಬಣ್ಣ ಹೊಡೆಯುತ್ತಾರೆ. ಬಿರುಕು ಏಳುವುದು ಸರಿಯಾಗಿ ಆ ಏಣಿನಲ್ಲೇ. ಉಜ್ಜಿದ ಮೇಲೆ ಏಣುಗಳಿಗೆ ಮತ್ತೊಂದು ತೆಳು ಪ್ರೈಮರ್ ಕೋಟ್ ಕೊಡಿ, ದಯವಿಟ್ಟು. ಎರಡು ನಿಮಿಷದ ಕೆಲಸ.

ಹಾಟ್ ವೀಲ್ಸ್‌ನಂಥ ಡೈ-ಕಾಸ್ಟ್ ಬಾಡಿಗೆ ಹೊಡೆಯುವವರು ಈ ಬಿರುಕಿನ ಚಿಂತೆ ಬಿಡಬಹುದು, ಸತುವಿನ ಮಿಶ್ರಲೋಹಕ್ಕೆ ದ್ರಾವಕ ತಟ್ಟುವುದಿಲ್ಲ. ಕಿಟಕಿ ಮತ್ತು ಪ್ಲಾಸ್ಟಿಕ್ ತಳ ಬಿಚ್ಚಿಡಿ. ಲೋಹಕ್ಕೆ ಹಿಡಿಯುವ ಪ್ರೈಮರ್ ಮಾತ್ರ ಅಲ್ಲೂ ಬೇಕು.

ಹೊಡೆಯುವಾಗ ನಳಿಕೆ 0.3 ಮಿಮೀ ಸಾಕು, ಪರ್ಲ್‌ಗೆ 0.5 ಇದ್ದರೆ ಕಟ್ಟಿಕೊಳ್ಳುವ ತಲೆನೋವಿಲ್ಲ. ಮೊದಲ ಎರಡು ಕೋಟ್ ಹನಿಮಂಜಿನ ಹಾಗೆ ಬೀಳಲಿ: ಗಾಳಿಯ ಒತ್ತಡ 15 ಪಿಎಸ್‌ಐ ಆಸುಪಾಸು, 12-15 ಸೆಂಮೀ ದೂರ, ಪ್ರೈಮರ್ ಇನ್ನೂ ಕಾಣುತ್ತಿರಬೇಕು. ಬಣ್ಣ ತುಂಬಲಿಲ್ಲ ಎಂದು ಇಲ್ಲೇ ಅವಸರಪಟ್ಟು ಒದ್ದೆಯಾಗಿ ಹೊಡೆದರೆ ದ್ರಾವಕ ಪ್ರೈಮರ್ ದಾಟಿ ಪ್ಲಾಸ್ಟಿಕ್ ಮುಟ್ಟುತ್ತದೆ. ಪ್ರೈಮರೂ ಲ್ಯಾಕರೇ, ಅದು ತಡೆಗೋಡೆ ಹೌದು, ಆದರೆ ನೆನೆದರೆ ಬಿಟ್ಟುಕೊಡುವ ಗೋಡೆ. ಕೋಟಿಗೂ ಕೋಟಿಗೂ ನಡುವೆ ಹತ್ತು ನಿಮಿಷ. ನಂತರ 18-20 ಪಿಎಸ್‌ಐ, 8-10 ಸೆಂಮೀ ದೂರದಿಂದ ಎರಡು ಮೂರು ಒದ್ದೆ ಕೋಟ್, ದೀಪದ ಪ್ರತಿಬಿಂಬ ಬಾಡಿಯಲ್ಲಿ ಕಾಣುವಷ್ಟು.

ಅಡಿ ಬಣ್ಣ ಮರೆಯಬೇಡಿ. ನೇಲ್ ಪಾಲಿಶ್ ಬಹುಪಾಲು ಅರೆಪಾರದರ್ಶಕ. ಬೂದು ಪ್ರೈಮರ್ ಮೇಲೆ ಹೊಡೆದ ಕೆಂಪು ಇಟ್ಟಿಗೆಯಾಗುತ್ತದೆ, ಗುಲಾಬಿ ಅಡಿ ಬಣ್ಣದ ಮೇಲೆ ಉರಿಯುತ್ತದೆ. ಬಣ್ಣ ಬದಲಿಸುವ ಶೇಡಿಗೆ ಹೊಳೆಯುವ ಕಪ್ಪು ಬೇಕು, ಬಿಳಿಯ ಮೇಲೆ ಅದರ ಆಟವೇ ನಡೆಯುವುದಿಲ್ಲ. ಪಾರದರ್ಶಕ ಶೇಡುಗಳು ನಿಜವಾಗಿ ಅರಳುವುದು ಬೆಳ್ಳಿ ಅಥವಾ ಬಂಗಾರದ ಅಡಿಯ ಮೇಲೆ, ಅಮೆರಿಕದ ಲೋರೈಡರ್ (ನೆಲಕ್ಕೆ ತಗ್ಗಿಸಿ ಸಿಂಗರಿಸಿದ) ಕಾರುಗಳ ಕ್ಯಾಂಡಿ ಬಣ್ಣದ ಹಾಗೆ. ಲಾಸ್ ಏಂಜಲೀಸ್‌ನ ಇಂಪೀರಿಯಲ್ಸ್ ಕ್ಲಬ್ಬಿನ ಜೆಸ್ಸಿ ವಲಾಡೆಸ್ ಅವರ 'ಜಿಪ್ಸಿ ರೋಸ್', ಮೈತುಂಬ ಗುಲಾಬಿ ಬಿಡಿಸಿದ 1964ರ ಷೆವ್ರೊಲೆ ಇಂಪಾಲಾ, ಅದರ ಫೋಟೋ ಒಮ್ಮೆ ನೋಡಿ. ಒಂದರ ಮೇಲೊಂದು ಪಾರದರ್ಶಕ ಪದರ ಕೂತಾಗ ಬಣ್ಣಕ್ಕೆ ಎಷ್ಟು ಆಳ ಬರುತ್ತದೆ ಎಂಬುದು ತಿಳಿಯುತ್ತದೆ. ಅದೇ ವರ್ಷದ ಇಂಪಾಲಾ ಕಿಟ್ ರೆವೆಲ್‌ನಲ್ಲಿ 1/25 ಅಳತೆಯಲ್ಲಿ ಬಂದಿದೆ. ಕ್ಯಾಂಡಿಯಲ್ಲಿ ಪ್ರತಿ ಕೋಟೂ ಬಣ್ಣವನ್ನು ಗಾಢ ಮಾಡುತ್ತದೆ, ಆದ್ದರಿಂದ ಬಾಡಿ ಎಲ್ಲೆಡೆ ಕೋಟಿನ ಎಣಿಕೆ ಒಂದೇ ಇರಬೇಕು.

ಮಿನುಗಿನ ಗಾತ್ರವನ್ನು ಅಳತೆಗೆ ಗುಣಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. 0.1 ಮಿಮೀ ಚೂರು 1/24 ಕಾರಿನಲ್ಲಿ 2.4 ಮಿಮೀ ಚೂರಾಗಿ ಕಾಣುತ್ತದೆ. ಕಾರ್ಖಾನೆಯ ಯಾವ ಮೆಟಾಲಿಕ್ಕೂ ಹಾಗಿರುವುದಿಲ್ಲ. ಬರಿಗಣ್ಣಿಗೆ ಚೂರು ಚೂರಾಗಿ ಕಂಡರೆ ಆ ಬಾಟಲಿ ಲೋರೈಡರಿಗೋ ಡ್ಯೂನ್ ಬಗ್ಗಿಗೋ ಸರಿ, ಪೋರ್ಷೆಗೆ ಬೇಡ.

ಬಣ್ಣ ಮುಟ್ಟಲು ಕಾಲು ಗಂಟೆಯಲ್ಲಿ ಒಣಗಿದಂತಿರುತ್ತದೆ. ಒಳಗಿನ ದ್ರಾವಕ ಹೊರಬರಲು ದಿನಗಳು ಬೇಕು. ಮೂಗಿನ ಹತ್ತಿರ ಹಿಡಿದು ನೋಡಿ, ವಾಸನೆ ಇದ್ದಷ್ಟು ದಿನ ಕ್ಲಿಯರ್ (ಬಣ್ಣವಿಲ್ಲದ ಮೇಲಿನ ಪದರ) ಹೊಡೆಯಬೇಡಿ. ಸಾಮಾನ್ಯವಾಗಿ ಮೂರರಿಂದ ಏಳು ದಿನ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅವಸರ ಮಾಡಿದರೆ ತಿಂಗಳ ಮೇಲೆ ಪದರ ಕುಗ್ಗಿ, ಉಜ್ಜಿದ ಹಳೆ ಗೀರುಗಳೆಲ್ಲ ಮೇಲೆ ಬರುತ್ತವೆ. ಕ್ಲಿಯರ್‌ಗೆ ಉಗುರಿನ ಟಾಪ್ ಕೋಟ್ ಸಾಲದು, ಹಾಬಿ ಲ್ಯಾಕರ್ ಕ್ಲಿಯರ್ ತನ್ನಿ, ಅದನ್ನೂ ಮೊದಲು ಮಂಜಿನ ಕೋಟಾಗಿಯೇ ಕೊಡಿ, ಡೆಕಾಲ್ (ಅಂಟಿಸುವ ಚಿತ್ರ, ಅಕ್ಷರ) ಇದ್ದಲ್ಲಿ ವಿಶೇಷವಾಗಿ. ಮೆಟಾಲಿಕ್ ಪದರವನ್ನು ಉಜ್ಜಬಾರದು. ಉಜ್ಜುವುದೇನಿದ್ದರೂ ಕ್ಲಿಯರ್ ಮೇಲೆ.

ಸರ್ಜಿಕಲ್ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಯ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಕಿಟಕಿ ತೆರೆದಿರಬೇಕು. ಈಥೈಲ್ ಅಸಿಟೇಟ್ ಆವಿ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯ ಪಕ್ಕದಲ್ಲಿ, ದೇವರ ದೀಪ ಉರಿಯುವ ಕೋಣೆಯಲ್ಲಿ ಕೂರಬೇಡಿ. ಇದರಲ್ಲಿ ರಾಜಿ ಇಲ್ಲ. ಏರ್‌ಬ್ರಶ್‌ನೊಳಗಿನ ವಾಷರ್ ರಬ್ಬರಿನದಾದರೆ ಲ್ಯಾಕರಿಗೆ ಊದಿಕೊಳ್ಳುತ್ತದೆ, ಟೆಫ್ಲಾನ್ ವಾಷರ್ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಎಲ್ಲ ಬ್ರ್ಯಾಂಡಿನ ಸೂತ್ರ ಒಂದೇ ಅಲ್ಲ, ನನ್ನ ಅಂಕಿಗಳು ಆರಂಭಕ್ಕೆ ಮಾತ್ರ. ಬಾಡಿಗೆ ಮೊದಲು ಅದೇ ಕಿಟ್ಟಿನ ಬಳಸದ ಭಾಗಕ್ಕೆ, ಹೆಚ್ಚುವರಿ ಸ್ಪಾಯ್ಲರೋ ಇನ್ನೊಂದೋ, ಪ್ರೈಮರ್‌ನಿಂದ ಕ್ಲಿಯರ್‌ವರೆಗೆ ಪೂರ್ತಿ ಹೊಡೆದು ನೋಡಿ. ಊಟದ ಪ್ಲಾಸ್ಟಿಕ್ ಚಮಚ ಬೇರೆ ಪ್ಲಾಸ್ಟಿಕ್ ಆಗಿರಬಹುದು, ಅದು ಪಾಸಾದರೆ ಬಾಡಿಯೂ ಪಾಸಾಗುತ್ತದೆಂದು ನಂಬುವಂತಿಲ್ಲ.

ಈಗಾಗಲೇ ಬಿರುಕು ಬಿಟ್ಟ ಬಾಡಿ ಕೈಯಲ್ಲಿದ್ದರೆ ಅದರ ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚಲು ಹೋಗಬೇಡಿ, ಬಣ್ಣ ತೆಗೆಯಲೆಂದು ಅಸಿಟೋನಿನಲ್ಲಿ ಅದ್ದಲಂತೂ ಬೇಡವೇ ಬೇಡ, ಬಾಡಿ ಅಂಟಾಗಿಬಿಡುತ್ತದೆ. ಒಂದು ವಾರ ಹಾಗೇ ಬಿಟ್ಟು ಪ್ಲಾಸ್ಟಿಕ್ ಗಟ್ಟಿಯಾಗಲಿ. ಆಮೇಲೆ 600, 1000 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ನೀರು ಹಾಕಿ ಬಿರುಕಿನ ತಳ ಸಿಗುವವರೆಗೆ ಉಜ್ಜಿ, ಉಳಿದ ಗೀರಿಗೆ ಮಿಸ್ಟರ್ ಸರ್ಫೇಸರ್ 500 ತುಂಬಿ, ಮತ್ತೆ ಉಜ್ಜಿ, ಮೊದಲಿನಿಂದ ಪ್ರೈಮರ್ ಕೊಡಿ. ಬಾಗಿಲ ಗೆರೆಗಳು ಈ ಉಜ್ಜಾಟದಲ್ಲಿ ಮಾಯವಾಗಿದ್ದರೆ ಪ್ರೈಮರಿಗೆ ಮುಂಚೆಯೇ ಗೆರೆ ಕೊರೆಯುವ ಸ್ಕ್ರೈಬರಿನಿಂದ ಹಗುರಾಗಿ ನಾಲ್ಕೈದು ಸಲ ಎಳೆದು ಮರಳಿ ತೆಗೆಯಿರಿ, ಒಂದೇ ಸಲ ಒತ್ತಿ ಎಳೆದರೆ ಮೊನೆ ಜಾರಿ ಬಾಗಿಲ ನಡುವೆ ಗೀರು ಬೀಳುತ್ತದೆ.