ಓಕ್ ಕಾಯಿ: ತೊಟ್ಟು ಯಾವುದು, ತುದಿ ಯಾವುದು

ಕಾಫಿ ತೋಟದ ನಡುವೆ ಬೆಳೆದ ನನಗೆ ಓಕ್ ಎಂದರೆ ಸಿಲ್ವರ್ ಓಕ್. ನೆರಳಿಗೆ ನೆಟ್ಟ ಮರ, ಮೈತುಂಬ ಕಾಳುಮೆಣಸಿನ ಬಳ್ಳಿ, ಮನೆಯಲ್ಲಿ ಮದುವೆ ಬಂದರೆ ಕಡಿದು ಮಾರುವ ಮರ. ಅದು ಓಕ್ ಅಲ್ಲವೇ ಅಲ್ಲ ಎಂದು ತಿಳಿದದ್ದು ಸಸ್ಯಶಾಸ್ತ್ರ ಓದಲು ಕುಳಿತ ಮೇಲೆ. ಅದು ಆಸ್ಟ್ರೇಲಿಯಾ ಮೂಲದ ಗ್ರೆವಿಲಿಯ ರೋಬಸ್ಟ, ಮಕಡೇಮಿಯದ ಕುಟುಂಬಕ್ಕೆ ಸೇರಿದ್ದು. ಹಲಗೆ ಸೀಳಿದಾಗ ಓಕ್‌ನಲ್ಲಿ ಕಾಣುವಂಥ ಮಿನುಗುವ ಪಟ್ಟೆಗಳು ಇದರಲ್ಲೂ ಕಾಣುವುದರಿಂದ ಆ ಹೆಸರು ಅಂಟಿಕೊಂಡಿತು. ನಿಜವಾದ ಓಕ್ ಎಂದರೆ ಕ್ವೆರ್ಕಸ್ ಕುಲ. ಅದರಲ್ಲಿ ನಾನೂರಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವುದು ಒಂದೂ ಇಲ್ಲ.

ತಮಾಷೆಯೆಂದರೆ, ಅಸಲಿ ಓಕ್‌ನ ಒಂದು ತುಣುಕು ನಮ್ಮ ಮನೆಯ ಮದ್ದಿನ ಡಬ್ಬಿಯಲ್ಲೇ ಇತ್ತು. ಗ್ರಂಧಿಗೆ ಅಂಗಡಿಯಿಂದ ತಂದು ಅಜ್ಜಿ ಕೂಸಿಗೆ ತೇಯುತ್ತಿದ್ದ ಮಾಚಿಕಾಯಿ! ಹೆಸರಿನಲ್ಲಿ ಕಾಯಿ ಇದ್ದರೂ ಅದು ಕಾಯಿಯಲ್ಲ. ಟರ್ಕಿ, ಇರಾನ್ ಕಡೆ ಬೆಳೆಯುವ ಕ್ವೆರ್ಕಸ್ ಇನ್ಫೆಕ್ಟೋರಿಯ ಮರದ ಮೊಗ್ಗಿನಲ್ಲಿ ಒಂದು ಪುಟ್ಟ ಕಣಜ ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಕಟ್ಟುವ ಗಂಟು. ಗಂಟಿನಲ್ಲಿ ತೂತು ಇದ್ದರೆ ಕಣಜ ಹೊರಗೆ ಹೋಗಿದೆ ಎಂದರ್ಥ. ತೂತಿಲ್ಲದ್ದರಲ್ಲಿ ಒಗರು ಹೆಚ್ಚು.

ಬಿಳಿಯೋ ಕೆಂಪೋ?

ಇಂಗ್ಲಿಷ್ ಪುಸ್ತಕಗಳು, ಅದರಲ್ಲೂ ಅಮೆರಿಕದವು, ಓಕ್‌ಗಳನ್ನು ಬಿಳಿ ಓಕ್, ಕೆಂಪು ಓಕ್ ಎಂದು ಎರಡಾಗಿ ಒಡೆಯುತ್ತವೆ. ಬಿಳಿಯದರ ಎಲೆಯ ಅಂಚಿನಲ್ಲಿ ಚಾಚಿಕೊಂಡ ಹಾಲೆಗಳು ದುಂಡಗೆ, ಕಾಯಿ ಅದೇ ವರ್ಷ ಬಲಿಯುತ್ತದೆ. ಕೆಂಪಿನ ಹಾಲೆಗಳ ತುದಿಯಲ್ಲಿ ಬಿರುಗೂದಲು, ಕಾಯಿ ಬಲಿಯಲು ಸಾಮಾನ್ಯವಾಗಿ ಎರಡು ವರ್ಷ. ನಾನು ಇದನ್ನು ಬಾಯಿಪಾಠ ಮಾಡಿಕೊಂಡು ನೈನಿತಾಲ್ ಸುತ್ತಲಿನ ಕಾಡಿಗೆ ಹೋಗಿ, ಅಲ್ಲಿನ ಬಾಂಜ್ ಮರ ಬಿಳಿಯೋ ಕೆಂಪೋ ಎಂದು ಅರ್ಧ ದಿನ ತಲೆ ಕೆರೆದುಕೊಂಡೆ. ಎಲೆಗೆ ಹಾಲೆಯೇ ಇಲ್ಲ, ಅಂಚಿನಲ್ಲಿ ಗರಗಸದ ಹಲ್ಲು. ಉತ್ತರ ಸುಲಭ: ಎರಡೂ ಅಲ್ಲ. 2017ರ ವರ್ಗೀಕರಣದ ಪ್ರಕಾರ ಕ್ವೆರ್ಕಸ್‌ನಲ್ಲಿ ಎರಡು ಉಪಕುಲ, ಎಂಟು ವಿಭಾಗಗಳಿವೆ. ಕೆಂಪು ಓಕ್‌ಗಳು ಅಮೆರಿಕ ಖಂಡಗಳವು. ಬಾಂಜ್ ಇರುವುದು ಇಲೆಕ್ಸ್ ಎಂಬ ಬೇರೆಯದೇ ವಿಭಾಗದಲ್ಲಿ.

ನೈನಿತಾಲ್ ಇರುವ ಕುಮಾವೂಂ ಸೀಮೆಯಲ್ಲಿ ಜನ ಐದು ಓಕ್‌ಗಳನ್ನು ಹೆಸರಿಟ್ಟು ಗುರುತಿಸುತ್ತಾರೆ. ನನ್ನ ಅಡ್ಡದಾರಿ ಇದು: ಎಲೆಯನ್ನು ಮಗುಚಿ ನೋಡಿ. ತಳ ಬೂದುಬಿಳಿಯಾದರೆ ಬಾಂಜ್. ಕಂದು ಉಣ್ಣೆಯಂತೆ ದಟ್ಟವಾಗಿದ್ದರೆ ರಿಯಾಂಜ್. ಎರಡೂ ಕಡೆ ಹಸಿರು, ನುಣುಪು ಎಂದರೆ ತಿಲೋಂಜ್. ಗಢವಾಲದಲ್ಲಿ ಇದನ್ನೇ ಮೋರು ಎನ್ನುತ್ತಾರೆ. ತುಂಬ ಎತ್ತರಕ್ಕೆ, 2,500 ಮೀಟರ್ ದಾಟಿ ಹೋಗಿ, ತಳ ತುಕ್ಕಿನ ಬಣ್ಣವಿದ್ದರೆ ಖರ್ಸು. ಐದನೆಯ ಫಲಿಯಾಂಟ್‌ಗೆ ಮಾತ್ರ ಕಾಯಿ ಕೂತಿರುವ ಬಟ್ಟಲನ್ನು ನೋಡಬೇಕು. ಉಳಿದ ನಾಲ್ಕರಲ್ಲಿ ಬಟ್ಟಲಿನ ಮೇಲೆ ಹುರುಪೆಗಳು. ಇದರಲ್ಲಿ ಬಳೆ ಜೋಡಿಸಿಟ್ಟಂತೆ ಸುತ್ತುಗಳು. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಬಿತ್ತುವಾಗ ಎಡವಿದ್ದು

ಡಿಸೆಂಬರಿನಲ್ಲಿ ರಸ್ತೆಬದಿಯಲ್ಲಿ ಬಿದ್ದಿದ್ದ ಮೂವತ್ತು ಬಾಂಜ್ ಕಾಯಿ ಆಯ್ದು ತಂದೆ. ಭತ್ತದ ಬೀಜಕ್ಕೆ ಮಾಡುವಂತೆ ಅರ್ಧವನ್ನು ತಾರಸಿಯ ಮೇಲೆ ಒಂದು ವಾರ ಬಿಸಿಲಿಗೆ ಹರವಿದೆ. ಒಂದೂ ಮೊಳೆಯಲಿಲ್ಲ.

ಕಾರಣ: ಭತ್ತ, ರಾಗಿ, ಹುರುಳಿ ಒಣಗಿಸಿದರೆ ನಿದ್ದೆಗೆ ಹೋಗುತ್ತವೆ. ಓಕ್ ಕಾಯಿ ಹಲಸಿನ ಬೀಜದ, ಮಾವಿನ ಗೊರಟಿನ ಜಾತಿ. ಉದುರುವಾಗ ಅದರ ತೂಕದ ಅರ್ಧಕ್ಕೆ ಹತ್ತಿರ ನೀರೇ ಇರುತ್ತದೆ. ಆ ನೀರು ಹೋದರೆ ಜೀವಕೋಶದ ಪೊರೆಗಳು ಹಾಳಾಗುತ್ತವೆ, ಮತ್ತೆ ನೆನೆಸಿದರೂ ಜೀವ ಬರುವುದಿಲ್ಲ. ಆದ್ದರಿಂದ ಇಡುವುದಾದರೆ ಒದ್ದೆ ತೆಂಗಿನನಾರಿನ ಪುಡಿಯಲ್ಲಿ ಸುತ್ತಿ, ಫ್ರಿಜ್‌ನ ತರಕಾರಿ ಖಾನೆಯಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಅಲ್ಲ. ಅಮೆರಿಕದ ಕೆಂಪು ಓಕ್‌ಗೆ ಈ ಒದ್ದೆ ತಂಪು ಒಂದರಿಂದ ಮೂರು ತಿಂಗಳು ಬೇಕೇ ಬೇಕು. ಬಿಳಿ ಓಕ್ ಕಾಯದೆ ಬಿದ್ದ ಶರತ್ಕಾಲದಲ್ಲೇ ಬೇರು ಬಿಡುತ್ತದೆ. ಇನ್ನು ಖರ್ಸುವಿನ ಆತುರ ಕೇಳುವುದೇ ಬೇಡ: ಮಳೆಗಾಲದಲ್ಲಿ ಉದುರುವ ಅದರ ಕಾಯಿ ಕೆಲವೊಮ್ಮೆ ಮರದ ಮೇಲೆಯೇ ಮೊಳೆತಿರುತ್ತದೆ.

ನೀರಿಗೆ ಹಾಕಿ ತೇಲಿದ್ದನ್ನು ಎಸೆಯಬೇಕು ಎನ್ನುತ್ತಾರೆ. ಹುಳ ತಿಂದದ್ದು ತೇಲುತ್ತದೆ, ನಿಜ. ಆದರೆ ಸ್ವಲ್ಪ ಆರಿದ, ಇನ್ನೂ ಜೀವವಿರುವ ಕಾಯಿಯೂ ತೇಲುತ್ತದೆ. ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ತೀರ್ಪು ಕೊಡಿ.

ಈಗ ನಾನು ನಿಜವಾಗಿ ಕಂಗೆಟ್ಟ ಸಂಗತಿ. ಉಳಿದ ಹದಿನೈದನ್ನು ಅಡಿಕೆಯಂತೆ ನೆಟ್ಟೆ, ಅಂದರೆ ತೊಟ್ಟು ಮೇಲಾಗಿ. ಅಡಿಕೆಯ ಮೊಳಕೆ ತೊಟ್ಟಿನ ಕಡೆಯಿಂದ ಬರುತ್ತದೆ, ತೆಂಗಿನ ಕಣ್ಣುಗಳೂ ಅಲ್ಲೇ. ಹಾಗಾಗಿ ಓಕ್‌ನದೂ ಅಲ್ಲಿಂದಲೇ ಎಂದುಕೊಂಡೆ. ವಾರಗಳು ಕಳೆದರೂ ಮೇಲೆ ಏನೂ ಕಾಣಲಿಲ್ಲ. ತಡೆಯಲಾರದೆ ಒಂದನ್ನು ಅಗೆದರೆ ಬೇರು ಗೇಣುದ್ದ ಇಳಿದಿದೆ. ಚಿಗುರು ಕಾಯಿಯ ತಳದಲ್ಲಿ ಹುಟ್ಟಿ, ಕೊಕ್ಕೆಯಂತೆ ಬಾಗಿ, ಕಾಯಿಯನ್ನೇ ಬಳಸಿಕೊಂಡು ಮೇಲೆ ಬರಲು ಹೆಣಗುತ್ತಿದೆ.

ಒಂದು ಕಾಯಿಯನ್ನು ಉದ್ದಕ್ಕೆ ಸೀಳಿದಾಗ ಅರ್ಥವಾಯಿತು. ಬಟ್ಟಲಿನಲ್ಲಿ ಕೂತಿದ್ದ ಕಡೆ ಅಗಲವಾದ, ಮಾಸಲು ಬಣ್ಣದ ಗುರುತು ಇರುತ್ತದೆ, ಅದು ತೊಟ್ಟು. ಅದರ ಎದುರು ತುದಿಯಲ್ಲಿ ಸಣ್ಣ ಮುಳ್ಳಿನಂಥ ಮೊನೆ. ಅದು ಹೂವಿನ ಶಲಾಕೆಯ, ಅಂದರೆ ಅಂಡಾಶಯದ ಮೇಲಿನ ಕಡ್ಡಿಯಂಥ ಭಾಗದ, ಉಳಿಕೆ. ಒಳಗೆಲ್ಲ ಎರಡು ದಪ್ಪ ಬೀಜದಳಗಳೇ. ಕಡಲೆಕಾಯಿ ಬೀಜವನ್ನು ಎರಡು ಹೋಳು ಮಾಡಿದಾಗ ಒಂದು ತುದಿಯಲ್ಲಿ ಪುಟ್ಟ ಮೂಗು ಕಾಣುತ್ತದಲ್ಲ, ಅಂಥದೇ ಭ್ರೂಣ ಓಕ್‌ನಲ್ಲಿ ಮೊನೆಯ ಕಡೆಗಿದೆ. ಮೊದಲು ಮೂಲಾಂಕುರ, ಅಂದರೆ ಎಳೆ ಬೇರು, ಮೊನೆಯನ್ನು ಒಡೆದು ಹೊರಬರುತ್ತದೆ. ಆಮೇಲೆ ಬೀಜದಳಗಳ ಗಿಡ್ಡ ತೊಟ್ಟುಗಳು ಉದ್ದವಾಗಿ ಹೊರಕ್ಕೆ ಚಾಚುತ್ತವೆ. ಚಿಗುರು ಅವೆರಡರ ನಡುವಿನಿಂದ ಏಳುತ್ತದೆ. ಬೇರಿಗೂ ಚಿಗುರಿಗೂ ಒಂದೇ ಬಾಗಿಲು, ಅದು ಮೊನೆ! ಬೀಜದಳಗಳು ಮಾತ್ರ ಹುರುಳಿಯಂತೆ ಮೇಲೆ ಬರದೆ ಬುತ್ತಿಯಾಗಿ ಮಣ್ಣೊಳಗೇ ಉಳಿಯುತ್ತವೆ.

ಹೀಗಾಗಿ ಮೊನೆ ಕೆಳಗಾದರೆ ಚಿಗುರು ಸುತ್ತಿ ಬರಬೇಕು, ಮೊನೆ ಮೇಲಾದರೆ ಬೇರು ಸುತ್ತಿ ಇಳಿಯಬೇಕು. ಕಾಡಿನಲ್ಲಿ ಬಿದ್ದ ಕಾಯಿ ಹೇಗೆ ಇರುತ್ತದೆ? ಮಲಗಿರುತ್ತದೆ. ಮಲಗಿಸಿ, ಎರಡು ಮೂರು ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು.

ಚೀಲದ ಬಗ್ಗೆ ಒಂದು ಮಾತು. ಎಲೆ ಕಾಣುವ ಮೊದಲೇ ತಾಯಿಬೇರು ನರ್ಸರಿಯ ಸಣ್ಣ ಪಾಲಿಥೀನ್ ಚೀಲದ ತಳ ಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ನಾನು ಈಗ ಒಂದೂವರೆ ಅಡಿ ಉದ್ದದ ಪಿವಿಸಿ ಪೈಪಿನ ತುಂಡುಗಳನ್ನು ಉದ್ದಕ್ಕೆ ಸೀಳಿ, ತಂತಿಯಿಂದ ಬಿಗಿದು, ಮಣ್ಣು ತುಂಬಿ ಬಳಸುತ್ತಿದ್ದೇನೆ. ನೆಡುವ ದಿನ ತಂತಿ ಬಿಚ್ಚಿದರೆ ಬೇರು ನೇರವಾಗಿ ಸಿಗುತ್ತದೆ. ಹದಿನೈದರಲ್ಲಿ ಆರು ಗಿಡಗಳು ಮೇಲೆ ಬಂದಿವೆ. ಏಳನೆಯದೂ ಬರುತ್ತಿತ್ತೇನೋ, ನಾನೇ ಮೂರು ಸಲ ಅಗೆದು ನೋಡಿದೆ.